ಅರಳೆ ತುಂಬಿದ ಹೆಡ್‌ಫೋನು

ನನ್ನ ಗಂಡನ ದನಿ ಎಂಥದ್ದು ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಆರು ವರ್ಷ ಕಳೆದ ಮೇಲೆ. ಅದೂ ಒಂದು ಹರಕು ತಲೆದಿಂಬಿನ ದೆಸೆಯಿಂದ. ಅಷ್ಟು ದಿನ ನಾವು ಮಾತು ಬಿಟ್ಟಿದ್ದೆವು ಎಂದಲ್ಲ. ಬೇಕಾದಷ್ಟು ಮಾತಾಡಿದ್ದೆವು, ಜಗಳವನ್ನೂ ಹೊಟ್ಟೆ ತುಂಬ ಆಡಿದ್ದೆವು. ಆದರೆ ನಮ್ಮೂರಿನಲ್ಲಿ ಮನುಷ್ಯರ ದನಿ ಗಾಳಿಯಲ್ಲಿ ಹೋಗುವುದಿಲ್ಲ. ನಾಯಿ ಬೊಗಳಿದರೆ ಕೇಳುತ್ತದೆ, ಕುಕ್ಕರ್ ಕೂಗಿದರೆ ಕೇಳುತ್ತದೆ, ಪಕ್ಕದ ಮನೆಯವರು ಖಾರ ಕುಟ್ಟಿದರೆ ನಮ್ಮ ಗೋಡೆ ನಡುಗುತ್ತದೆ. ಮನುಷ್ಯನ ಗಂಟಲಿನಿಂದ ಹೊರಟದ್ದು ಮಾತ್ರ, ಮಾತಾಗಲಿ ಅಳುವಾಗಲಿ, ತುಟಿಯ ಮುಂದೆಯೇ ಮುಗಿದುಹೋಗುತ್ತದೆ. ಅದಕ್ಕೇ ನಮ್ಮಲ್ಲಿ ಎಲ್ಲರ ತಲೆಯ ಮೇಲೂ ಒಂದು ಹೆಡ್‌ಫೋನು, ಬಾಯಿಯ ಮುಂದೆ ಬಾಗಿದ ಒಂದು ಕಡ್ಡಿ. ಪಕ್ಕದಲ್ಲಿ ಒಂದು ಗುಂಡಿ. ಒಂದು ಕಡೆ ತಿರುವಿದರೆ ಮನೆಯವರು, ಇನ್ನೊಂದು ಕಡೆ ತಿರುವಿದರೆ ಓಣಿ, ಪೂರ್ತಿ ತಿರುವಿದರೆ ಸಂತೆಯ ಗದ್ದಲ. ತಲೆ ಬಾಚಿದಷ್ಟೇ ಸಹಜವಾಗಿ ನಾವು ಅದನ್ನು ಹಾಕಿಕೊಳ್ಳುತ್ತೇವೆ.

ಈ ಹೆಡ್‌ಫೋನುಗಳು ಸಂತೆಯಲ್ಲಿ ಬದನೆಕಾಯಿಯ ಹಾಗೆ ಗುಡ್ಡೆ ಹಾಕಿ ಮಾರುವಂಥವು. ಎಲ್ಲವೂ ಒಂದೇ ಅಚ್ಚು, ಎಲ್ಲವೂ ಅಗ್ಗ. ಅವುಗಳಲ್ಲಿ ಎಲ್ಲರ ದನಿಯೂ ಒಂದೇ ತೆರ, ಸೀಸೆಯಲ್ಲಿ ಸಿಕ್ಕ ಜೀರುಂಡೆಯ ಹಾಗೆ ಚಿರ್ರನೆ. ಗಂಡಸು, ಹೆಂಗಸು, ಮುದುಕ, ಕೂಸು, ಯಾರು ಮಾತಾಡಿದರೂ ಅದೇ ಜೀರುಂಡೆ. ಹಾಗಾದರೆ ಯಾರು ಮಾತಾಡುತ್ತಿದ್ದಾರೆಂದು ತಿಳಿಯುವುದು ಹೇಗೆ? ಅದಕ್ಕೆ ತಟ್ಟು ಇದೆ. ಮಾತು ಶುರು ಮಾಡುವ ಮೊದಲು ಪ್ರತಿಯೊಬ್ಬರೂ ಕಡ್ಡಿಯ ಮೇಲೆ ಬೆರಳಿನಿಂದ ತಮ್ಮ ತಟ್ಟು ತಟ್ಟಬೇಕು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯಾದವಳು ಹೆಸರು ಕರೆಯುವ ಮೊದಲು ತೊಟ್ಟಿಲ ಹಲಗೆಯ ಮೇಲೆ ಅದರ ತಟ್ಟನ್ನು ತಟ್ಟಿ ಕೊಡುತ್ತಾಳೆ. ನಮ್ಮ ಅವ್ವನದು ಎರಡು ಮೆಲ್ಲಗೆ, ಒಂದು ಜೋರು, ಆಮೇಲೆ ಉಗುರಿನಿಂದ ಒಂದು ಕೆರೆತ. ಕಳ್ಳನನ್ನಾದರೂ ನಮ್ಮ ಮಂದಿ ನಾಲ್ಕು ದಿನ ಬಿಟ್ಟು ಕಟ್ಟೆಯ ಮೇಲೆ ಕೂಡಿಸಿಕೊಂಡಾರು. ಬೇರೆಯವರ ತಟ್ಟು ತಟ್ಟಿದವನಿಗೆ ಕುಡಿಯಲು ನೀರೂ ಕೊಡುವುದಿಲ್ಲ.

ನನ್ನ ತವರು ಇದೇ ಊರಿನ ಮೇಲಿನ ಓಣಿಯಲ್ಲಿದೆ. ಒಂದೇ ಊರಾದರೂ ಮದುವೆಯಾದ ಮೇಲೆ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಅಣ್ಣ ಫಕೀರಪ್ಪ, ಹೊಲಿಗೆಯವನು. ಅಪ್ಪ ಹೋದ ಮೇಲೆ ಮನೆಗೆ ತಾನೇ ಹಿರಿಯ ಎಂದು ಮೀಸೆ ತಿರುವುತ್ತಿದ್ದ. ಹೊಳೆಯಾಚೆಯವರಿಗೆ ನನ್ನನ್ನು ಕೊಡುತ್ತೇನೆಂದು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡು ಬಂದಿದ್ದ. ಎಲೆ ಅಡಿಕೆ ಹಂಚುವ ದಿನ, ಬೀಗರೆಲ್ಲ ಕೂತಿರುವಾಗ, ಅವನು ಮಾತಾಡುತ್ತಿದ್ದಂತೆಯೇ ನಾನು ನನ್ನ ಹೆಡ್‌ಫೋನು ತೆಗೆದು ಎಲೆ ಅಡಿಕೆಯ ತಟ್ಟೆಯಲ್ಲಿ ಇಟ್ಟುಬಿಟ್ಟೆ. ಒಬ್ಬರು ಮಾತಾಡುವಾಗ ಹೆಡ್‌ಫೋನು ತೆಗೆಯುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗುಳಿದ ಹಾಗೆ. ಅಣ್ಣನ ತುಟಿ ಬಹಳ ಹೊತ್ತು ಅಲ್ಲಾಡಿತು. ಅವನು ಅಂದು ಏನೆಂದನೋ ನಾನು ಕೇಳಲಿಲ್ಲ. ಆಮೇಲೆ ಅವನ ಹೆಂಡತಿ ನೀಲವ್ವ ವೈನಿಯೇ ಹೇಳಿದಳು: ತಾನು ಬದುಕಿರುವ ತನಕ ನನಗಾಗಿ ತನ್ನ ತಟ್ಟು ತಟ್ಟುವುದಿಲ್ಲ ಎಂದು ಆಣೆ ಹಾಕಿದನಂತೆ. ಹಾಕಿಕೊಳ್ಳಲಿ ಎಂದು ನಾನು ನೀರಿನ ಟಾಕಿಯ ಕೆಲಸದವನನ್ನು ಮದುವೆಯಾಗಿ ಕೆಳಗಿನ ಓಣಿಗೆ ಬಂದೆ. ಆಗಿನಿಂದ ಎದುರಿಗೆ ಸಿಕ್ಕರೆ ಅವನು ಗೋಡೆ ನೋಡುತ್ತಿದ್ದ, ನಾನು ಆಕಾಶ ನೋಡುತ್ತಿದ್ದೆ.

ಅವ್ವ ಮಾತ್ರ ನನ್ನನ್ನು ಬಿಡಲಿಲ್ಲ. ಮೊಣಕಾಲು ಹಿಡಿದುಕೊಂಡು ಅವಳಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಆದರೆ ದಿನಾ ದೀಪ ಹಚ್ಚಿದ ಮೇಲೆ ನನ್ನ ಕಿವಿಯಲ್ಲಿ ಅವಳ ತಟ್ಟು ಬರುತ್ತಿತ್ತು. “ದಾಕ್ಷೀ, ಉಂಡೀಯೇನವ್ವಾ?” ಎಂದು ಶುರು. ಅಲ್ಲಿಂದ ನನ್ನ ಬಾಯಿಗೆ ಬಿಡುವಿಲ್ಲ. ಗಂಡನ ಮೇಲಿನ ದೂರು, ನಲ್ಲಿಯ ಜಗಳ, ಎರಡು ಸಲ ಬಸಿರು ಇಳಿದುಹೋದ ದುಃಖ, ಗಂಡನಿಗೂ ಹೇಳದ ಮಾತು, ಎಲ್ಲವನ್ನೂ ಅವಳ ಉಡಿಯಲ್ಲಿ ಸುರಿಯುತ್ತಿದ್ದೆ. ಕೊನೆಗೆ ಅಣ್ಣನಿಗೆ ಮಂಗಳಾರತಿ, ಕತ್ತೆಗಿಂತ ಕಡೆ ಎಂದು. “ಅವ್ವಾ, ನಿನ್ನ ಮಗಾ ಕತ್ತಿ ನೋಡು,” ಎಂದರೆ ಅವಳು ಸ್ವಲ್ಪ ತಡೆದು, “ಹೌದವ್ವಾ, ಕತ್ತಿನ ಅದಾನ. ಹಡದ ಮ್ಯಾಲ ಏನ್ ಮಾಡೂದು,” ಎನ್ನುತ್ತಿದ್ದಳು. ಅದನ್ನು ಕೇಳಿದ ಮೇಲೆಯೇ ನನಗೆ ಊಟ ಸೇರುತ್ತಿದ್ದುದು. ಎರಡು ವರ್ಷದಿಂದ ಈಚೆಗೆ ಅವಳು ತನ್ನ ಮೊಣಕಾಲಿನ ಮಾತನ್ನು ಬಿಟ್ಟಿದ್ದಳು. ನೋವು ಕಡಿಮೆಯಾಗಿರಬೇಕು ಎಂದುಕೊಂಡು ನಾನು ದೇವರಿಗೆ ಕಾಯಿ ಒಡೆಸಿದ್ದೆ.

ಹೆಡ್‌ಫೋನು ಬಿಚ್ಚಿದ್ದು ದೊಡ್ಡ ಯೋಚನೆ ಮಾಡಿ ಅಲ್ಲ. ಅದರ ಕಿವಿಯ ಮೇಲಿನ ರೆಕ್ಸಿನ್ ಸುಲಿದು ಕರಿ ಕರಿ ಚೂರು ನನ್ನ ಕೂದಲಲ್ಲಿ ಸಿಕ್ಕಿಕೊಳ್ಳುತ್ತಿತ್ತು, ನಮ್ಮವರು ಹೇನೆಂದು ನಗುತ್ತಿದ್ದರು. ಸಿಟ್ಟು ಬಂದು ಅದನ್ನು ಕಿತ್ತು ಎಸೆದು, ಹಳೆಯ ಮಕಮಲ್ ಕುಪ್ಪಸದ ತೋಳು ಕತ್ತರಿಸಿ, ಹರಕು ತಲೆದಿಂಬಿನ ಅರಳೆ ತುಂಬಿ, ಸಿಂಬೆಯ ಹಾಗೆ ಎರಡು ದಪ್ಪ ಬಳೆ ಹೊಲಿದು ಕೂಡಿಸಿದೆ. ಹಾಕಿಕೊಂಡು ನೋಡಿದರೆ ಕಿವಿಯ ಸುತ್ತ ಎಲ್ಲೂ ಸಂದಿಲ್ಲ. ಓಣಿಯವರ ಮಾತು ಒಂದು ಎಳೆ ದಪ್ಪಗೆ ಕೇಳಿತು. ನನಗೆ ಹುಚ್ಚು ಹಿಡಿದದ್ದು ಆಗಲೇ. ಇಷ್ಟಕ್ಕೇ ಇಷ್ಟಾದರೆ ಇನ್ನಷ್ಟು ಮಾಡಿದರೆ ಏನಾದೀತು? ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಒಂದೇ. ಹುಟ್ಟಿದಾಗಿನಿಂದ ಅವ್ವನ ಜೋಗುಳವನ್ನೂ ಬೈಗುಳವನ್ನೂ ಜೀರುಂಡೆಯ ದನಿಯಲ್ಲಿ ಕೇಳಿದವಳು ನಾನು. ಅವಳ ದನಿ ನಿಜಕ್ಕೂ ಹೇಗಿದೆ ಎಂದು ಒಂದು ಸಲ ಕೇಳಬೇಕಿತ್ತು.

ಈಳಿಗೆಯ ತುದಿಯಿಂದ ಸ್ಕ್ರೂ ಬಿಚ್ಚಿದೆ. ಒಳಗೆ ನೋಡಿದರೆ ಖಾಲಿ ಡಬ್ಬಿ! ರೂಪಾಯಿಯಗಲದ ಒಂದು ಬಿಲ್ಲೆ, ಅದರ ಮೇಲೆ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆ, ಕೂದಲಂಥ ಎರಡು ತಂತಿ, ಅಷ್ಟೇ. ಡಬ್ಬಿ ಖಾಲಿ ಇದ್ದರೆ ಅದು ತಾನೂ ಜೊತೆಗೆ ಕೂಗುತ್ತದೆ, ಯಾವ ಅಡುಗೆಮನೆಯಲ್ಲಾದರೂ ನೋಡಿ. ಒಳಗಿನ ಗೋಡೆಗೆ ಮೇಣ ಬಿಸಿ ಮಾಡಿ ಬಳಿದೆ, ಡಬ್ಬಿ ನಡುಗುವುದು ನಿಂತಿತು. ಅರಳೆ ಗಿಡಿದು ತುಂಬಿದೆ. ಕಂಬಳಿ ಹೊದ್ದು ಮಾತಾಡಿದ ಹಾಗಾಯಿತು. ಅರ್ಧ ತೆಗೆದು, ಉಳಿದದ್ದನ್ನು ಸಡಿಲವಾಗಿ ಹಿಂಜಿ ಇಟ್ಟೆ, ಹಗುರಾಯಿತು. ಹಿಂದೆ ಒಂದು ಸಣ್ಣ ತೂತಿತ್ತು. ಪೂರ್ತಿ ಮುಚ್ಚಿದರೆ ಮೂಗು ಕಟ್ಟಿದಂತೆ, ಪೂರ್ತಿ ಬಿಟ್ಟರೆ ಮತ್ತೆ ಚಿರ್ರನೆ. ನನ್ನ ಹಣೆಯ ಟಿಕಳಿಯನ್ನೇ ತೆಗೆದು ಅದರ ಅರ್ಧಕ್ಕೆ ಅಂಟಿಸಿದೆ. ಇದರ ನಡುವೆ ಒಂದು ಹೆಡ್‌ಫೋನಿನ ತಂತಿ ಹರಿದು ಅದರ ಬಲಗಿವಿ ಸತ್ತೇ ಹೋಯಿತು. ಅದು ನಮ್ಮವರದು. ಅವರು ಎರಡು ದಿನ ಎಡಗಿವಿಯಲ್ಲೇ ಸಂಸಾರ ಮಾಡಿದರು, ಪಾಪ.

ಮೂರನೆಯ ದಿನ ಮಧ್ಯಾಹ್ನ ಅವರು ಉಣ್ಣುತ್ತಿದ್ದಾಗ ನಾನು ಮುಗಿಸಿದ್ದನ್ನು ತಲೆಗೆ ಹಾಕಿಕೊಂಡೆ. ಅವರ ತಟ್ಟು ಬಂತು, ಆಮೇಲೆ ಕಾಳು ತುಂಬುವ ಹಗೇವಿನ ತಳದಿಂದ ಎದ್ದು ಬಂದಂಥ ಒಂದು ದನಿ, “ಪಲ್ಯಾಕ್ಕ ಉಪ್ಪಿಲ್ಲ,” ಎಂದಿತು. ನನ್ನ ಕೈಯ ಸೌಟು ಬಿತ್ತು. ಹಿಂದೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇಲ್ಲ. ಇಷ್ಟು ದಪ್ಪ, ಇಷ್ಟು ತಂಪು ದನಿಯ ಗಂಡಸಿಗೆ ನಾನು ಆರು ವರ್ಷ ಬಾಯಿಗೆ ಬಂದಂತೆ ಬೈದಿದ್ದೆನೇ?

“ರೀ, ಇನ್ನೊಮ್ಮೆ ಅನ್ರಿ,” ಎಂದೆ.

“ಉಪ್ಪಿಲ್ಲ ಅಂದೆ. ಅದಕ್ಕ್ಯಾಕ ನಾಚ್ಕೊಳ್ತಿ?” ಎಂದರು.

ಆ ಸಂಜೆ ನಾನು ದೀಪವನ್ನು ಹೊತ್ತಿಗೆ ಮುಂಚೆಯೇ ಹಚ್ಚಿದೆ. ಮುಖ ತೊಳೆದು, ಸೀರೆ ಬದಲಿಸಿ, ಯಾರೋ ಮನೆಗೆ ಬರುವವರಿದ್ದಾರೆ ಎನ್ನುವ ಹಾಗೆ ಚಾಪೆ ಹಾಸಿ ಕೂತೆ. ತಟ್ಟು ಬಂತು. ಎರಡು ಮೆಲ್ಲಗೆ, ಒಂದು ಜೋರು, ಒಂದು ಕೆರೆತ. ನನ್ನ ಕಣ್ಣಲ್ಲಿ ಆಗಲೇ ನೀರು.

“ದಾಕ್ಷೀ, ಉಂಡೀಯೇನವ್ವಾ?”

ಗಂಡಸಿನ ದನಿ. ಗೊಗ್ಗರು, ಎದೆಯ ಒಳಗಿನಿಂದ ಬರುವ ಗಂಡಸಿನ ದನಿ.

ಕಾದ ಹಂಚು ಮುಟ್ಟಿದವಳ ಹಾಗೆ ಹೆಡ್‌ಫೋನು ಕಿತ್ತು ಎಸೆದೆ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಎತ್ತಿ ಕಿವಿಗೆ ಹಿಡಿದರೆ, ಆ ಗಂಡಸು ಇನ್ನೂ ಅಲ್ಲೇ ಇದ್ದ. “ಯಾಕವ್ವಾ ಮಾತಾಡವಲ್ಲಿ? ಆರಾಮಿಲ್ಲೇನ? ನಿನ್ನ ಗಂಡ ಏನರ ಅಂದನೇನ?” ಎಂದು ಅವ್ವ ಕೇಳುವ ಮಾತುಗಳನ್ನೇ, ಅವ್ವ ಕೇಳುವ ಕ್ರಮದಲ್ಲೇ ಕೇಳುತ್ತಿದ್ದ. ತಲೆನೋವು ಎಂದು ಏನೋ ತೊದಲಿ ಗುಂಡಿ ತಿರುವಿಬಿಟ್ಟೆ.

ನಮ್ಮವರು ಕೆಲಸದಿಂದ ಬಂದಾಗ ನಾನು ಇನ್ನೂ ಚಾಪೆಯ ಮೇಲೆಯೇ ಇದ್ದೆ. ಹೇಳಿದೆ. ಅವರು ನಂಬಲಿಲ್ಲ. “ಅರಳಿ ಹೆಚ್ಚಾಗಿರಬೇಕು ತಗಿ. ದನಿ ದಪ್ಪ ಮಾಡಾಕ ಹೋಗಿ ನಿಮ್ಮವ್ವಗ ಮೀಸಿ ಬರಿಸಿಬಿಟ್ಟಿ,” ಎಂದು ನಕ್ಕರು. ನಾನೂ ಹಾಗೇ ಇರಲಿ ಎಂದು ಬೇಡಿಕೊಂಡೆ. ಮರುದಿನ ಬೆಳಿಗ್ಗೆಯಿಂದ ಓಣಿಯ ಒಬ್ಬೊಬ್ಬರನ್ನೂ ಬೇಕೆಂದೇ ಮಾತಿಗೆ ಎಳೆದೆ. ಹಾಲಿನ ಶಂಕ್ರವ್ವನ ದನಿ ಜೇನಿನಂತಿತ್ತು, ಆಯಿತಲ್ಲ, ಹೆಂಗಸು. ಪಕ್ಕದ ಮನೆಯ ಸೊಸೆಯದು ತೆಳ್ಳಗೆ, ಹೆಂಗಸು. ಪೂಜಾರಿಯದು ಒಡಕು, ಗಂಡಸು. ಎಲ್ಲರೂ ಅವರವರ ದನಿಯಲ್ಲೇ ಇದ್ದರು. ಸಂಜೆ ಅವ್ವನ ತಟ್ಟು ಬಂತು; ಮತ್ತೆ ಅದೇ ಗಂಡಸು. ಹೆಡ್‌ಫೋನಿನದು ತಪ್ಪಿಲ್ಲ ಎಂದು ಆಗ ಖಾತ್ರಿಯಾಯಿತು.

ಯಾರೋ ನನ್ನ ಅವ್ವನ ತಟ್ಟು ಕದ್ದಿದ್ದಾನೆ! ನನ್ನ ಹೊಟ್ಟೆಯಲ್ಲಿದ್ದದ್ದೆಲ್ಲ ಯಾವನೋ ಪರ ಗಂಡಸಿನ ಕಿವಿಗೆ ಬಿದ್ದಿದೆ. ಬಸಿರು ಇಳಿದ ದಿನ ಹೇಗೆ ಅತ್ತೆ, ಯಾವ ಹರಕೆ ಹೊತ್ತೆ, ಎಲ್ಲ ಅವನಿಗೆ ಗೊತ್ತು. ನಾಚಿಕೆಯಿಂದ ಸಾಯಬೇಕೆನ್ನಿಸಿತು, ಆಮೇಲೆ ಅವನನ್ನೇ ಸಾಯಿಸಬೇಕೆನ್ನಿಸಿತು. ಹಾಗಾದರೆ ಅವ್ವ ಎಲ್ಲಿ? ಅವಳು ಯಾವಾಗಿನಿಂದ ನನಗಾಗಿ ತಟ್ಟುವುದನ್ನು ಬಿಟ್ಟಳು? ಈ ಪ್ರಶ್ನೆ ಎದ್ದಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಆ ದನಿ ಈ ಊರಿನದೇ ಆಗಿದ್ದರೆ ಸಂತೆಗೆ ಬಂದೇ ಬರುತ್ತದೆ, ಅಲ್ಲೇ ಅವನ ಕೊರಳಪಟ್ಟಿ ಹಿಡಿಯುತ್ತೇನೆ ಎಂದು ನಿಶ್ಚಯಿಸಿದೆ.

ಸಂತೆಯ ದಿನ ಗುಂಡಿ ಪೂರ್ತಿ ತಿರುವಿ ಒಳಗೆ ಹೊಕ್ಕೆ. ಅಬ್ಬಾ! ಎಷ್ಟೋ ವರ್ಷ ಜೀರುಂಡೆಗಳ ಗೂಡು ಎಂದುಕೊಂಡಿದ್ದ ಸಂತೆಯಲ್ಲಿ ಇಷ್ಟು ಬಗೆಯ ಕೊರಳುಗಳಿದ್ದವೇ ಎಂದು ದಿಗಿಲಾಯಿತು. ಮೆಣಸಿನಕಾಯಿಯವನ ಹತ್ತಿರ ನಿಂತೆ, ಅವನಲ್ಲ. ಬಳೆಗಾರ, ಅಲ್ಲ. ದಲಾಲಿಗಳ ಸಾಲಿನಲ್ಲಿ ಎಲ್ಲ ಗೊಗ್ಗರು ದನಿಗಳೇ, ಆದರೆ ಯಾವುದೂ ಅದಲ್ಲ. ಬಿಸಿಲು ಏರಿ, ತಲೆ ತಿರುಗಿ, ಇನ್ನು ಸಾಕೆಂದು ಈರುಳ್ಳಿ ಚೀಲದ ಪಕ್ಕ ನಿಂತಾಗ ಅದು ಕೇಳಿತು. ಮೊದಲು ತಟ್ಟು, ಹೊಲಿಗೆ ಯಂತ್ರ ಓಡಿದ ಹಾಗೆ ಬೇಗ ಬೇಗ. ಆರು ವರ್ಷದಿಂದ ನಾನು ಕೇಳದ, ಆದರೂ ಮರೆಯದ ತಟ್ಟು. ಅದರ ಹಿಂದೆಯೇ ಆ ದನಿ.

“ಇದರ ಮೂತಿ ಭಾಳ ಅಗಲ ಆತಬೇ. ಸಣ್ಣ ಮೂತೀದು ಇಲ್ಲೇನು?”

ಹಿತ್ತಾಳೆ ಪಾತ್ರೆಯ ಮುದುಕಿಯ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದವನು ನನ್ನ ಅಣ್ಣ. ಬೆನ್ನು ನನ್ನ ಕಡೆಗಿತ್ತು. ಕೈಯಲ್ಲಿ ಒಳಲೆ, ಕೂಸಿಗೆ ಹಾಲು ಕುಡಿಸುವ ಬಟ್ಟಲು.

“ಕೂಸು ಎಷ್ಟು ತಿಂಗಳದ್ದು ಯಪ್ಪಾ?” ಎಂದಳು ಮುದುಕಿ.

“ಕೂಸಿಗಲ್ಲ. ನಮ್ಮವ್ವಗ. ಬಾಯಿ ಒಂದು ಕಡೆ ವಾಲೈತಿ, ಕುಡಿಸಿದ್ದೆಲ್ಲಾ ಹೊರಗ ಬರ್ತೈತಿ.”

“ಅಯ್ಯ ಶಿವನ! ಮಾತು?”

“ಮಾತು ಹೋಗಿ ಎರಡು ವರ್ಷ ಆತು.”

ನಾನು ಚೀಲದ ಮೇಲೆ ಕುಸಿದು ಕೂತೆ. ಯಾರೋ ಬಂದು ನೀರು ಕೊಟ್ಟರು, ಕುಡಿದೆನೋ ಇಲ್ಲವೋ ನೆನಪಿಲ್ಲ. ಎರಡು ವರ್ಷ! ಅವ್ವ ನಿನ್ನೆ ಹಿಂಗಂದಳು, ಮೊನ್ನೆ ಹಂಗಂದಳು ಎಂದು ನಾನು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಾಗ ಮೇಲಿನ ಓಣಿಯವರು ನನ್ನ ಮುಖವನ್ನು ಒಂದು ಥರ ನೋಡಿ ಸುಮ್ಮನಾಗುತ್ತಿದ್ದರು. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅವ್ವನಿಗೆ ಪಾರ್ಶ್ವ ಬಡಿದಿತ್ತು, ನಾನು ಕಾಯಿ ಒಡೆಸುತ್ತಿದ್ದೆ. ಮತ್ತೆ ಇವನು? ನನ್ನ ಎದುರು ಗೋಡೆ ನೋಡುವ ಇವನು ದಿನಾ ಸಂಜೆ ನನ್ನನ್ನು ಉಂಡೆಯಾ ಎಂದು ಕೇಳುತ್ತಿದ್ದನೇ? ನಾನು ಕತ್ತಿ ಎಂದಾಗ ಹೌದವ್ವಾ ಕತ್ತಿನ ಅದಾನ ಎಂದವನು ಇವನೇ? ನಗು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. ಆದರೆ ಅವ್ವನ ತಟ್ಟನ್ನು ತಟ್ಟಿದ್ದನ್ನು ಮಾತ್ರ ನಾನು ನುಂಗಿಕೊಳ್ಳಲಾರದೆ ಹೋದೆ. ಜೀವ ಇರುವವರ ತಟ್ಟು ಅದು. ತಂಗಿಯ ಮೇಲಿನ ಮರುಕಕ್ಕೇ ಆಗಲಿ, ಮಗನಾದವನು ಅದನ್ನು ಹೇಗೆ ಕದ್ದ?

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ಮೇಲಿನ ಓಣಿಯ ಮೆಟ್ಟಿಲು ಹತ್ತಿದೆ. ನಾಲಿಗೆಯ ಮೇಲೆ ಬೈಗುಳ ಸಿದ್ಧವಾಗಿತ್ತು. ಅಂಗಳದಲ್ಲಿದ್ದ ನೀಲವ್ವ ವೈನಿ ನನ್ನನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡು ಪಕ್ಕಕ್ಕೆ ಸರಿದಳು. ನಡುಮನೆಯ ಬಾಗಿಲಲ್ಲಿ ನಿಂತೆ. ಗೋಡೆಗೆ ಹತ್ತಿದ ಹಾಸಿಗೆಯ ಮೇಲೆ ಒಂದು ಹಿಡಿಯಷ್ಟಾಗಿದ್ದ ಅವ್ವ. ಅಣ್ಣ ನನ್ನ ಕಡೆ ಬೆನ್ನು ಮಾಡಿ ಅವಳ ಪಕ್ಕ ಕೂತಿದ್ದ. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವನು ಅವ್ವನ ಹಾಸಿಗೆಯ ಮೇಲೆ ಬಿದ್ದಿದ್ದ ಬಲಗೈಯನ್ನು ತನ್ನ ಅಂಗೈಯಲ್ಲಿ ಎತ್ತಿಕೊಂಡ. ಜಡವಾದ ಆ ತೋರುಬೆರಳನ್ನು ತನ್ನ ಎರಡು ಬೆರಳ ನಡುವೆ ಹಿಡಿದು ಕಡ್ಡಿಯ ಹತ್ತಿರ ತಂದು ತಟ್ಟಿಸಿದ. ಎರಡು ಮೆಲ್ಲಗೆ, ಒಂದು ಜೋರು. ಆಮೇಲೆ ಅವಳ ಉಗುರಿನಿಂದಲೇ ಒಂದು ಕೆರೆತ. ಅಷ್ಟೂ ನನ್ನ ಕಿವಿಯಲ್ಲಿ ಕೇಳಿತು. ಅವನು ಕದ್ದಿರಲಿಲ್ಲ. ಎರಡು ವರ್ಷ ಒಂದು ದಿನವೂ ಬಿಡದೆ ತಟ್ಟಿದ್ದು ಅವ್ವನೇ.

“ದಾಕ್ಷೀ, ಉಂಡೀಯೇನವ್ವಾ?” ಎಂದ ಅಣ್ಣ.

ಸಿದ್ಧವಾಗಿದ್ದ ಬೈಗುಳವೆಲ್ಲ ಎಲ್ಲಿ ಹೋಯಿತೋ. “ಇನ್ನೂ ಇಲ್ಲ ಅಣ್ಣಾ,” ಎಂದೆ.

ಅವನ ಬೆನ್ನು ಕಲ್ಲಾಯಿತು. ಅವನು ತಿರುಗುವ ಮೊದಲೇ ಅವ್ವ ನನ್ನನ್ನು ನೋಡಿಬಿಟ್ಟಿದ್ದಳು. ಅವಳ ಕಣ್ಣು ದೊಡ್ಡವಾದವು, ವಾಲಿದ ಬಾಯಿ ಅಲ್ಲಾಡಿತು. ನಾನು ಓಡಿಹೋಗಿ ಹಾಸಿಗೆಯ ಪಕ್ಕ ಕೂತು, ಅಣ್ಣನ ಬಾಯಿಯ ಮುಂದಿದ್ದ ಕಡ್ಡಿಯನ್ನು ಎಳೆದು ಅವ್ವನ ತುಟಿಗೆ ಹಚ್ಚಿದೆ. ಅದು ಮಾತಲ್ಲ. ಅಕ್ಷರವಿಲ್ಲದ ಒಂದು ಸ್ವರ, ಊಂ ಎಂದು ತಗ್ಗಿನಲ್ಲಿ ಶುರುವಾಗಿ ಮೇಲೇರಿ ನಡುಗಿ ನಿಂತಿತು. ಅಗಲವಾದ, ಸ್ವಲ್ಪ ಒರಟಾದ, ಬೆಚ್ಚಗಿನ ದನಿ. ನನ್ನ ಅವ್ವನ ದನಿ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಆ ದನಿಯಲ್ಲಿ ಅವಳು ನನಗೆ ಹಾಡಿದ್ದಳು, ಬೈದಿದ್ದಳು, ಹೆಸರು ಹಿಡಿದು ಕರೆದಿದ್ದಳು. ಅದರಲ್ಲಿ ಒಂದು ಮಾತನ್ನೂ ನಾನು ಕೇಳಿರಲಿಲ್ಲ, ಇನ್ನು ಮೇಲೆ ಕೇಳುವುದೂ ಇಲ್ಲ.

ಅಣ್ಣ ಏನೂ ತಿಳಿಯದೆ ನನ್ನ ಮುಖವನ್ನೂ ಅವ್ವನ ಮುಖವನ್ನೂ ನೋಡುತ್ತಿದ್ದ. ಅವನ ಕಿವಿಯಲ್ಲಿದ್ದದ್ದು ಸಂತೆಯ ಹೆಡ್‌ಫೋನು; ಅವನಿಗೆ ಕೇಳಿದ್ದು ಬರೀ ಚಿರ್ ಎನ್ನುವ ಸದ್ದು. ನಾನು ಅವನ ತಲೆಯಿಂದ ಅದನ್ನು ತೆಗೆದೆ. ಅವನು ಬೆಚ್ಚಿಬಿದ್ದ, ಕೈ ಅಡ್ಡ ತಂದ. ನನ್ನದನ್ನು ಬಿಚ್ಚಿ ಅವನ ಕಿವಿಗೆ ಹಾಕಿ, ಅವನದನ್ನು ನಾನು ಹಾಕಿಕೊಂಡು, ಕಡ್ಡಿಯನ್ನು ಮತ್ತೆ ಅವ್ವನ ತುಟಿಗೆ ಹಿಡಿದೆ. ಅವ್ವ ಇನ್ನೊಮ್ಮೆ ಊಂ ಎಂದಳು.

ಅವನು ತೊಡೆಯ ಮೇಲೆ ಇಟ್ಟುಕೊಂಡಿದ್ದ ಒಳಲೆ ಜಾರಿ ಗಂಜಿಯೆಲ್ಲ ನೆಲಕ್ಕೆ ಹೋಯಿತು. ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಮೀಸೆಯ ಗಂಡಸು ಬಾಯಿ ತೆರೆದುಕೊಂಡು ಕೂತ. ಆಮೇಲೆ ತುಟಿ ಅಲ್ಲಾಡಿತು. ನನ್ನ ಕಿವಿಯಲ್ಲೀಗ ಅವನ ಅಗ್ಗದ ಹೆಡ್‌ಫೋನು ಇತ್ತಾದ್ದರಿಂದ, ಅವನ ಮಾತು ನಾನು ಎರಡು ವರ್ಷ ಅವ್ವಾ ಎಂದು ಕರೆದ ಆ ಜೀರುಂಡೆಯ ದನಿಯಲ್ಲೇ ಬಂತು.

“ದಾಕ್ಷೀ, ನನಗ ಬೇಕಾದ್ದು ಬೈಯವ್ವಾ. ಈ ಹೆಡ್‌ಫೋನ ಮಾತ್ರ ತಿರುಗಿ ಕೊಡು ಅನ್ನಬ್ಯಾಡ.”